ಐವತ್ತೆಂದು ಬರೆದ ನಲವತ್ತೊಂಬತ್ತು

ಲೂಪೆ ಏನಾದರೂ ಕೇಳುವುದಕ್ಕೆ ಬಂದರೆ ಮೊದಲು ನನ್ನ ಪಾತ್ರೆ ತೊಳೆಯುತ್ತಾಳೆ. ಆ ಶನಿವಾರ ಮಧ್ಯಾಹ್ನ ಬಂದವಳು ಪಾತ್ರೆ ತೊಳೆದಳು, ಒಲೆ ಒರೆಸಿದಳು, ಕಿಟಕಿಯಲ್ಲಿ ಕೊಳೆಯಲು ಶುರುವಾಗಿದ್ದ ಪಪ್ಪಾಯಿಯನ್ನು ಹಿತ್ತಲಿನ ಹಂದಿಗಳಿಗೆ ಎಸೆದು ಬಂದಳು. ನಾನು ಮೇಜಿನ ಮುಂದೆ ಉತ್ತರಪತ್ರಿಕೆ ತಿದ್ದುತ್ತಾ ಕೂತೇ ಇದ್ದೆ. ಹೊರಗೆ ರಸ್ತೆಯಲ್ಲಿ, ಬ್ರೆಡ್‌ಫ್ರೂಟ್ ಮರದ ನೆರಳಿನಲ್ಲಿ, ನನ್ನ ತಮ್ಮ ಫೆಲೆತಿ ವ್ಯಾನಿನಲ್ಲಿ ಕೂತಿದ್ದ. ಅಕ್ಕ ಇರುವ ಮನೆಯೊಳಗೆ ತಮ್ಮ ಕಾಲಿಡುವುದಿಲ್ಲ, ನಮ್ಮ ದ್ವೀಪದ ಪದ್ಧತಿ ಅದು. ಅವನ ಮದುವೆಯಾದಂದಿನಿಂದ ನಮ್ಮಿಬ್ಬರ ನಡುವಿನ ಮಾತುಗಳೆಲ್ಲ ಅವನ ಹೆಂಡತಿ ಲೂಪೆಯ ಬಾಯಿಂದಲೇ ಬಂದಿವೆ, ಹೋಗಿವೆ.

"ಸುಸ್ತಾಗಿದೀರಾ ಅಕ್ಕ?" ಎಂದು ಕೈ ಒರೆಸಿಕೊಳ್ಳುತ್ತಾ ಕೇಳಿದಳು.

"ನಲವತ್ತು ಮಕ್ಕಳು ಒಂದೇ ತಪ್ಪು ಮಾಡಿದಾರೆ. ಅದನ್ನೇ ನಲವತ್ತು ಸಲ ತಿದ್ದುತಾ ಇದೀನಿ."

"ಒಬ್ಬರದ್ದು ತಿದ್ದಿ, ಮಿಕ್ಕಿದವರಿಗೆ 'ಮೇಲಿನಂತೆ' ಅಂತ ಬರೆದುಬಿಡಿ."

ನಕ್ಕೆ. ಲೂಪೆ ನಗಲಿಲ್ಲ. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಮಗ ಕಿತಿಯೋನೆಯ ಮದುವೆ ಗೊತ್ತಾದ ದಿನದಿಂದ ಅವಳು ಸರಿಯಾಗಿ ನಿದ್ದೆ ಮಾಡಿದ ಹಾಗೆ ಕಾಣುತ್ತಿರಲಿಲ್ಲ.

"ಇನ್ನು ಮೂರೇ ವಾರ. ಚಾಪೆ ಸಿಕ್ಕಿದಾವೆ, ನಮ್ಮಮ್ಮನ ಕಡೆಯಿಂದ ನಾಲ್ಕು. ಹಂದಿ ಇದೆ. ಗೆಣಸು ಇದೆ. ಬಟ್ಟೆ ಮಾತ್ರ..." ಎಂದು ನಿಲ್ಲಿಸಿ, ನನ್ನ ಮಲಗುವ ಕೋಣೆಯ ಕಡೆ ನೋಡಿ, ತಕ್ಷಣ ಕಣ್ಣು ಬೇರೆ ಕಡೆಗೆ ತಿರುಗಿಸಿದಳು.

ನಮ್ಮ ಕಡೆ ಹೆಂಗಸೊಬ್ಬಳ ಮಂಚದ ಕೆಳಗೆ ಏನಿದೆ ಎನ್ನುವುದು ಗುಟ್ಟಲ್ಲ. ನನ್ನ ಮಂಚದ ಕೆಳಗೆ ಇದ್ದದ್ದು ಒಂದು ಲೌನಿಮಾ: ಮರದ ತೊಗಟೆಯನ್ನು ಬಡಿದು ಮಾಡಿದ, ಸರಿಯಾಗಿ ಐವತ್ತು ಪಟ್ಟಿಗಳ ತೊಗಟೆಬಟ್ಟೆ. ಹರಡಿದರೆ ನಮ್ಮ ಇಗರ್ಜಿಯ ಬಾಗಿಲಿನಿಂದ ಪಾದ್ರಿ ನಿಲ್ಲುವ ಕಡೆಯವರೆಗೆ ಹೋಗಿ ಇನ್ನೂ ಮಿಗುತ್ತದೆ. ಇಪ್ಪತ್ತೆಂಟು ವರ್ಷಗಳ ಹಿಂದೆ ಅಮ್ಮ ಅದನ್ನು ನನ್ನ ಮದುವೆಗೆಂದು ಮಾಡಿಸಿದ್ದಳು. ಮದುವೆ ಆಗಲಿಲ್ಲ. ಅಪ್ಪ ಸತ್ತಾಗ, ದೊಡ್ಡಪ್ಪ ಸತ್ತಾಗ, ಫೆಲೆತಿಯ ಮದುವೆಗೆ, ಕಿತಿಯೋನೆಯ ಮೊದಲ ಹುಟ್ಟುಹಬ್ಬಕ್ಕೆ, ಅವನಿಗೆ ಇಪ್ಪತ್ತೊಂದು ತುಂಬಿದಾಗ, ಕೊನೆಗೆ ಅಮ್ಮನ ಸಾವಿಗೆ, ಮನೆಯಲ್ಲಿದ್ದ ಚಾಪೆ ಬಟ್ಟೆಗಳೆಲ್ಲ ಒಂದೊಂದಾಗಿ ಹೊರಟುಹೋದವು. ಕೆಲವು ನಾನೇ ಕೊಟ್ಟದ್ದು, ಕೆಲವು ಕೇಳಿದ್ದಕ್ಕೆ ಕೊಟ್ಟದ್ದು. ಕೊಟ್ಟ ಮೇಲೆ ಎರಡಕ್ಕೂ ವ್ಯತ್ಯಾಸ ನೆನಪಿರುವುದಿಲ್ಲ. ಇದೊಂದು ಮಾತ್ರ ಉಳಿದಿತ್ತು. "ಅದು ಲೋಸಲಿನೆಯ ಮದುವೆಯದು," ಎಂದು ಅಮ್ಮ ಎಲ್ಲರಿಗೂ ಹೇಳಿದ್ದಳು. ಅಮ್ಮ ಹೋದ ಮೇಲೂ ಆ ಮಾತು ನಾಲ್ಕು ವರ್ಷ ಅದನ್ನು ಕಾದಿತ್ತು.

"ಈಗ ಅದನ್ನ ನೀವು..." ಎಂದಳು ಲೂಪೆ.

"ಇನ್ನು ನನಗೆ ಮದುವೆ ಆಗಲ್ಲ ಅಂತ."

"ಅಯ್ಯೋ, ನಾನು ಹಾಗಂದೆನಾ ಅಕ್ಕ?"

"ಹೇಳಿದ್ರೂ ತಪ್ಪಿಲ್ಲ. ಐವತ್ತನಾಲ್ಕು ಲೂಪೆ ನನಗೆ."

"ಅವರು ಕೇಳು ಅಂದಿಲ್ಲ. ನೋಡಿ, ವ್ಯಾನಲ್ಲಿ ಕೂತು ಬೆವರು ಒರೆಸ್ಕೋತಾ ಇದಾರೆ. ನಿಮ್ಮನ್ನ ಏನಾದ್ರೂ ಕೇಳೋಕಿಂತ ಸಮುದ್ರಕ್ಕೆ ಬೀಳ್ತಾರೆ. ನಾನೇ ಬಂದೆ. ಹುಡುಗಿ ಕಡೆ ಸೇಯ್ನಿ ಅಂತ ಒಬ್ಬಳು ಅಜ್ಜಿ ಇದಾಳೆ. ಹುಡುಗಿಯ ಅಜ್ಜನ ತಂಗಿ. ಕೊಟ್ಟ ಬಟ್ಟೆಯ ಅಂಚು ಎತ್ತಿ ಪಟ್ಟಿ ನಂಬರ್ ಓದ್ತಾಳಂತೆ, ಎಲ್ಲರ ಮುಂದೆ, ಜೋರಾಗಿ. ಅವಳ ಮುಂದೆ ಹತ್ತು ಪಟ್ಟಿಯ ತುಂಡು ಹಿಡಿದು ನಿಂತ್ಕೋಬೇಕಾ ನಾನು?"

"ಬಿಸಿಲಿಗೆ ಹಾಕಿ ನೋಡ್ತೀನಿ. ಹುಳ ಹಿಡಿದಿದೆಯೋ ಏನೋ. ನೋಡಿ ಹೇಳ್ತೀನಿ."

ಬೇಡ ಎನ್ನಲಾಗದವರು ನಮ್ಮಲ್ಲಿ ಹೀಗೆ ಹೇಳುತ್ತಾರೆ. ಲೂಪೆಗೂ ಅದು ಗೊತ್ತಿತ್ತು. ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ಒರೆಸಿಟ್ಟು ಹೋದಳು.

ಅವಳು ಹೋದ ಮೇಲೆ ಪತ್ರಿಕೆಗಳನ್ನು ಹಾಗೇ ಬಿಟ್ಟು ಕೂತೆ. ನಾನು ಗಣಿತ ಕಲಿಸುವವಳು. ತಲೆ ದಣಿದಾಗ ಬೇರೆಯವರು ಹಾಡು ಗುನುಗುವಂತೆ ನಾನು ಒಂದು ಸಂಖ್ಯೆಯನ್ನು ಹಿಡಿದುಕೊಂಡು ಅದನ್ನು ಒಡೆದು ನೋಡುತ್ತೇನೆ. ಐವತ್ತು ನನಗೆ ಎಳೆಯ ವಯಸ್ಸಿನಿಂದ ಗುರುತಿನ ಸಂಖ್ಯೆ. ಒಂದು ವರ್ಗ ಸಂಖ್ಯೆಗೆ ಇನ್ನೊಂದನ್ನು ಕೂಡಿಸಿ ಐವತ್ತನ್ನು ಎರಡು ಬೇರೆ ಬೇರೆ ರೀತಿಯಲ್ಲಿ ಪಡೆಯಬಹುದು: ಐದೈದಲಿ ಇಪ್ಪತ್ತೈದು, ಅದಕ್ಕೆ ಇನ್ನೊಂದು ಇಪ್ಪತ್ತೈದು, ಇಲ್ಲವೇ ಏಳೇಳಲಿ ನಲವತ್ತೊಂಬತ್ತು, ಅದಕ್ಕೆ ಒಂದು. ಸೊನ್ನೆಯನ್ನು ಸೇರಿಸಿಕೊಳ್ಳದೆ ಹೀಗೆ ಎರಡು ದಾರಿ ಸಿಗುವ ಸಂಖ್ಯೆಗಳಲ್ಲಿ ಐವತ್ತೇ ಎಲ್ಲಕ್ಕಿಂತ ಚಿಕ್ಕದು. ಮದುವೆಯಾಗಬೇಕಿದ್ದ ಸಾಯಾನಿಗೆ ಇದನ್ನು ಒಂದು ಸಂಜೆ ಮರಳಿನ ಮೇಲೆ ಕವಡೆ ಜೋಡಿಸಿ ತೋರಿಸಿದ್ದೆ. ಐದು ಸಾಲು, ಸಾಲಿಗೆ ಐದು ಕವಡೆ, ಪಕ್ಕದಲ್ಲಿ ಅಂಥದೇ ಇನ್ನೊಂದು ಚೌಕ. ಇದು ನೀನು, ಇದು ನಾನು ಎಂದಿದ್ದೆ. ಅವನು ಬೆರಗಾಗಿ ನೋಡಿದ್ದ. ಸಂಖ್ಯೆಯನ್ನಲ್ಲ, ಇಂಥದ್ದಕ್ಕೆ ಇಷ್ಟು ಖುಷಿಪಡುವ ನನ್ನನ್ನು. ಆಮೇಲೆ ಅವನು ಕೊಳಾಯಿ ಕೆಲಸ ಕಲಿಯಲು ನ್ಯೂಜಿಲೆಂಡಿಗೆ ಹೋದ. ಎರಡು ಕಾಗದ ಬರೆದ. ಅಲ್ಲೇ ಮದುವೆಯಾದ. ನನ್ನ ಪಾಲಿಗೆ ಉಳಿದದ್ದು ಎರಡನೆಯ ದಾರಿ: ಏಳೇಳಲಿ ನಲವತ್ತೊಂಬತ್ತು ಒಂದು ಕಡೆ ತುಂಬಿಕೊಂಡಿರುವ ತಮ್ಮನ ಸಂಸಾರ, ಪಕ್ಕದಲ್ಲಿ ಒಂದು, ನಾನು.

ಐವತ್ತರ ಇನ್ನೊಂದು ಗುಣವನ್ನು ನಾನು ಕಂಡುಕೊಂಡದ್ದು ತಡವಾಗಿ. ಅದನ್ನು ಶೇಷವಿಲ್ಲದೆ ಭಾಗಿಸುವ, ಅದಕ್ಕಿಂತ ಸಣ್ಣ ಸಂಖ್ಯೆಗಳು ಒಂದು, ಎರಡು, ಐದು, ಹತ್ತು, ಇಪ್ಪತ್ತೈದು. ಆರಕ್ಕೆ ಹೀಗೆ ಮಾಡಿ ಕೂಡಿದರೆ ಆರೇ ಬರುತ್ತದೆ; ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟೇ. ಐವತ್ತಕ್ಕೆ ನಲವತ್ತಮೂರು. ಏಳು ಕಡಿಮೆ. ತನ್ನನ್ನು ಎಷ್ಟು ರೀತಿಯಲ್ಲಿ ಸಮನಾಗಿ ಹಂಚಬಹುದೋ ಅಷ್ಟನ್ನೂ ಒಟ್ಟುಗೂಡಿಸಿದರೂ ಅದಕ್ಕೆ ತಾನು ಮರಳಿ ಸಿಗುವುದಿಲ್ಲ. ಇದನ್ನು ತರಗತಿಯಲ್ಲಿ ಹೇಳುವಾಗ ಮಕ್ಕಳು ಆಕಳಿಸುತ್ತಾರೆ. ನಾನೂ ಅವರ ವಯಸ್ಸಿನಲ್ಲಿ ಆಕಳಿಸುತ್ತಿದ್ದೆನೇನೋ.

ಬುಧವಾರ ಶಾಲೆ ಬಿಟ್ಟ ಮೇಲೆ ಬಟ್ಟೆಯ ಸುರುಳಿಯನ್ನು ಕೈಗಾಡಿಯಲ್ಲಿ ಹೇರಿಕೊಂಡು ಶಾಲೆಯ ಮೈದಾನಕ್ಕೆ ಹೋದೆ. ಪಕ್ಕದ ಮನೆಯ ವೈಮೋವಾನ ಜೊತೆಗೆ ಬಂದಳು. ಎಂಬತ್ತು ದಾಟಿದವಳು, ಕರೆದಿರಲಿಲ್ಲ, ಗಾಡಿಯ ಸದ್ದಿಗೆ ಬಂದಳು. ಈ ಬಟ್ಟೆ ಮಾಡಿದ ಹೆಂಗಸರ ಗುಂಪಿನಲ್ಲಿ ಈಗ ಬದುಕಿರುವವಳು ಅವಳೊಬ್ಬಳೇ.

"ನಿಧಾನ ಉರುಳಿಸೇ ಟೀಚರಮ್ಮ, ಹೆಣ ಉರುಳಿಸೋ ಹಾಗೆ ಉರುಳಿಸ್ತೀಯಲ್ಲ," ಎಂದು ಹುಲ್ಲಿನ ಮೇಲೆ ಕೂತು ಅಪ್ಪಣೆ ಕೊಡುತ್ತಿದ್ದಳು.

ಬಟ್ಟೆ ಬಿಚ್ಚಿಕೊಂಡಿತು. ಒಣ ತೊಗಟೆಯ, ಕೋಕಾ ಮರದಿಂದ ತೆಗೆದ ಕಂದು ಬಣ್ಣದ, ಹಳೆಯ ಮರಗೆಣಸಿನ ಅಂಟಿನ ವಾಸನೆ. ಹುಳ ಹಿಡಿದಿರಲಿಲ್ಲ. ಬಿಳಿಯ ಅಂಚಿನ ಉದ್ದಕ್ಕೂ ಕಂದು ಬಣ್ಣದಲ್ಲಿ ಬರೆದ ಅಂಕಿಗಳು, ಪಟ್ಟಿಗೊಂದು. ಬರೆದವಳು ನಾನೇ. ಆಗ ಟೀಚರ್ ತರಬೇತಿ ಮುಗಿಸಿ ಬಂದು ನಾಲ್ಕು ವರ್ಷವಾಗಿತ್ತು. ಉದ್ದನೆಯ ಹಲಗೆಯ ಎರಡೂ ಬದಿಗೆ ಹೆಂಗಸರು ಎದುರುಬದುರಾಗಿ ಕೂತು ಅಂಟು ಹಚ್ಚಿ, ತೊಗಟೆಯ ಹಾಳೆ ಹೊದಿಸಿ, ಬಣ್ಣ ತಿಕ್ಕುತ್ತಿದ್ದರು. ಒಂದೊಂದು ಪಟ್ಟಿ ಮುಗಿದು ಹಲಗೆಯಿಂದ ಆಚೆ ಸರಿದಾಗ ತುದಿಯಲ್ಲಿ ಕೂತ ನಾನು ಅಂಕಿ ಬರೆಯಬೇಕು. "ಓದಿದವಳು ಕೂತಿದಾಳೆ, ಲೆಕ್ಕ ಅವಳದ್ದು," ಎಂದು ಅಮ್ಮ ಹೆಮ್ಮೆಯಿಂದ ಹೇಳಿದ್ದಳು.

ಕೊನೆಯ ಅಂಕಿಯನ್ನು ನೋಡಿದೆ. ಐವತ್ತು. ಸರಿ. ಹರಿದಿದೆಯೇ ನೋಡಲೆಂದು ಅಂಚು ಹಿಡಿದು ಹಿಂದಕ್ಕೆ ನಡೆದುಬಂದೆ. ನಲವತ್ತು, ಮೂವತ್ತು, ಇಪ್ಪತ್ತೊಂಬತ್ತು, ಇಪ್ಪತ್ತೆಂಟು, ಇಪ್ಪತ್ತೇಳು, ಇಪ್ಪತ್ತೈದು.

ನಿಂತೆ. ಬಾಗಿ ನೋಡಿದೆ. ಇಪ್ಪತ್ತೈದರ ಪಕ್ಕದಲ್ಲಿ ಇಪ್ಪತ್ತೇಳು. ನಡುವೆ ಬಟ್ಟೆ ಕತ್ತರಿಸಿದ ಗುರುತಿಲ್ಲ, ಸೇರಿಸಿದ ಗುರುತೂ ಇಲ್ಲ. ಮತ್ತೆ ಮೊದಲಿನಿಂದ, ಈ ಸಲ ಅಂಕಿಗಳನ್ನು ಓದದೆ, ಪಟ್ಟಿಗೊಂದು ಹೆಜ್ಜೆ ಇಡುತ್ತಾ ಎಣಿಸಿದೆ. ನಲವತ್ತೊಂಬತ್ತು. ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಇನ್ನೊಮ್ಮೆ ಎಣಿಸಿದೆ. ನಲವತ್ತೊಂಬತ್ತು.

"ಏನಾಯ್ತೇ? ಏನು ಹುಡುಕ್ತಾ ಇದೀಯ?"

"ಒಂದು ಕಡಿಮೆ ಇದೆ ಅಜ್ಜಿ. ಇಪ್ಪತ್ತಾರೇ ಇಲ್ಲ. ನಾನು ಬರೆದೇ ಇಲ್ಲ."

ವೈಮೋವಾನ ನನ್ನ ಮುಖ ನೋಡಿದಳು. ಆಮೇಲೆ ಅವಳ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದಳು.

"ಈಗ ಕಂಡ್ತಾ ನಿನಗೆ? ಇಪ್ಪತ್ತೆಂಟು ವರ್ಷಕ್ಕೆ?"

"ನಿನಗೆ ಗೊತ್ತಿತ್ತಾ?"

"ಎಲ್ಲರಿಗೂ ಗೊತ್ತಿತ್ತು ಮಗಳೇ. ಹಲಗೆ ಮುಂದೆ ಕೂತವಳಿಗೆ ಗೊತ್ತಾಗಲ್ವಾ, ಎಷ್ಟು ಸಲ ಕೈ ತಿಕ್ಕಿದೆ ಅಂತ? ಭುಜಾನೇ ಹೇಳತ್ತೆ. ಸಂಜೆ ನೀನು ಐವತ್ತು ಅಂತ ಎದ್ದು ಚಪ್ಪಾಳೆ ತಟ್ಟಿದೆ. ನಾವು ಮುಖ ಮುಖ ನೋಡ್ಕೊಂಡ್ವಿ. ನಿಮ್ಮಮ್ಮ ಕಣ್ಣು ಬಿಟ್ಳು, 'ಯಾರೂ ಬಾಯಿ ಬಿಡಬೇಡಿ' ಅಂತ. ಟೀಚರಮ್ಮನಿಗೆ ಐವತ್ತರ ತನಕ ಎಣಿಸೋಕೆ ಬರಲ್ಲ ಅಂತ ಊರೆಲ್ಲ ನಗೋದು ಬೇಡ, ಮದುವೆ ಆಗ್ಲಿ, ಆಮೇಲೆ ಕೂತು ಒಂದು ಪಟ್ಟಿ ಸೇರಿಸೋಣ ಅಂದ್ಳು. ಆಮೇಲೆ..." ವೈಮೋವಾನ ಕೈ ಬೀಸಿದಳು. ಆಮೇಲೆ ಏನಾಯಿತೆಂದು ಇಬ್ಬರಿಗೂ ಗೊತ್ತಿತ್ತು.

ನಾನು ಇಪ್ಪತ್ತೈದು ಇಪ್ಪತ್ತೇಳರ ನಡುವೆ ಬಟ್ಟೆಯ ಮೇಲೆ ಕೂತೆ. ನನ್ನದೇ ಅಕ್ಷರ. ಕೇದಗೆ ಹಣ್ಣಿನ ಒಣಗಿದ ತೊಳೆಯನ್ನೇ ಕುಂಚ ಮಾಡಿಕೊಂಡು ಬರೆದದ್ದು. ಏಳರ ಬಾಲ ಉದ್ದಕ್ಕೆ ಎಳೆದುಹೋಗಿತ್ತು, ಕೈ ಅಲುಗಿದಂತೆ. ಆ ಬಾಲವನ್ನು ನೋಡುತ್ತಿದ್ದಂತೆ ಆ ದಿನ ನೆನಪಾಯಿತು. ಅಷ್ಟೂ ಹೆಂಗಸರು ಬೆಳಗಿನಿಂದ ನನ್ನ ಹಿಂದೆ ಬಿದ್ದಿದ್ದರು. ಸಾಯಾನ ಕಾಲು ಉದ್ದ, ಮಂಚ ಸಾಲದು, ಇನ್ನೆರಡು ಪಟ್ಟಿ ಹೆಚ್ಚಿಗೆ ಮಾಡಿ ಎಂದು ಒಬ್ಬಳು. ಅವನಿಗೆ ಲೆಕ್ಕ ಬರುತ್ತದೋ, ಇಲ್ಲ ಇವಳೇ ಮೊದಲ ರಾತ್ರಿ ಪಾಠ ಮಾಡಬೇಕೋ ಎಂದು ಇನ್ನೊಬ್ಬಳು. ಆಗ ಇದೇ ವೈಮೋವಾನ ಕೇಳಿದ್ದಳು: "ನಿನಗೆ ಈಗ ಎಷ್ಟೇ ವಯಸ್ಸು? ನನಗೆ ಆ ವಯಸ್ಸಿಗೆ ಐದು ಹೆತ್ತಾಗಿತ್ತು."

"ಇಪ್ಪತ್ತಾರು," ಎಂದಿದ್ದೆ.

ಎಲ್ಲರೂ ನಕ್ಕಿದ್ದರು. ನಾನೂ ನಕ್ಕಿದ್ದೆ, ಹೊಟ್ಟೆ ಹಿಡಿದುಕೊಂಡು. ನಗುತ್ತಲೇ ಕುಂಚ ಅದ್ದಿ, ಮುಂದಿನ ಪಟ್ಟಿಗೆ ಇಪ್ಪತ್ತೇಳು ಎಂದು ಬರೆದಿದ್ದೆ. ಇಪ್ಪತ್ತಾರನ್ನು ಬಾಯಿ ಆಗಲೇ ಹೇಳಿಬಿಟ್ಟಿತ್ತಲ್ಲ.

ಎಷ್ಟೋ ವರ್ಷಗಳಿಂದ ಆ ನಗುವೇ ನನಗೆ ನೆನಪಿರಲಿಲ್ಲ. ನೆನಪಿದ್ದದ್ದು ಎರಡನೆಯ ಕಾಗದದ ನಂತರದ ದಿನಗಳು ಮಾತ್ರ.

"ಈಗೇನು ಮಾಡ್ತೀಯ?" ಎಂದಳು ವೈಮೋವಾನ. "ಒಂದು ಪಟ್ಟಿ ಮಾಡಿ ನಡುವೆ ಸೇರಿಸೋಣ ಅಂದ್ರೆ ನನ್ನ ಕೈಲಿ ಆಗಲ್ಲ. ಸೇರಿಸಿದ್ರೂ ಚೆನ್ನಾಗಿರಲ್ಲ. ಮುದುಕಿ ಬಾಯಲ್ಲಿ ಹಾಲುಹಲ್ಲು ಬಂದ ಹಾಗೆ ಕಾಣತ್ತೆ."

ಶನಿವಾರ ಲೂಪೆ ಬಂದಳು. ಈ ಸಲ ಪಾತ್ರೆ ತೊಳೆಯಲಿಲ್ಲ, ನಾನೇ ತೊಳೆದಿಟ್ಟಿದ್ದೆ. ಅದನ್ನು ನೋಡಿಯೇ ಅವಳ ಮುಖ ಇಳಿಯಿತು. ಕೋಣೆಯಲ್ಲಿ ಮಂಚದ ಪಕ್ಕ ಅರ್ಧ ಬಿಚ್ಚಿದ್ದ ಸುರುಳಿಯ ಮುಂದೆ ಕೂರಿಸಿ ಅಂಚು ತೋರಿಸಿದೆ. ಓದಿದಳು. ಎರಡು ಸಲ ಓದಿದಳು.

"ಇಷ್ಟೇನಾ? ಕೊನೇಲಿ ಏನಿದೆ?"

"ಐವತ್ತು ಅಂತಿದೆ."

"ಮತ್ತೆ? ಮುದುಕಿ ಕೊನೇದು ಓದ್ತಾಳೆ. ನಡುವೆ ಯಾರು ಬಗ್ಗಿ ನೋಡ್ತಾರೆ?"

"ನಾನು ನೋಡಿದೆ."

"ನೀವು ಬಿಡಿ ಅಕ್ಕ, ನೀವು ಗೋಡೆ ಮೇಲಿನ ಹಲ್ಲಿನೂ ಎಣಿಸ್ತೀರಿ." ಸ್ವಲ್ಪ ಹೊತ್ತು ಯೋಚಿಸಿದಳು. "ಸರಿ. ಕೊನೇಲಿ ಒಂದು ಪಟ್ಟಿ ಅಂಟಿಸೋಣ. ನಮ್ಮ ಗುಂಪಿನವರು ಬಂದು ಒಂದು ದಿನದಲ್ಲಿ ಮಾಡಿಕೊಡ್ತಾರೆ."

"ಅದಕ್ಕೆ ಯಾವ ನಂಬರ್ ಬರೀತೀಯ?"

"ಐವತ್ತೊಂದು... ಅಯ್ಯೋ."

"ಆಗ ಐವತ್ತಿರತ್ತೆ, ಐವತ್ತೊಂದು ಅಂತ ಹೇಳತ್ತೆ. ಈಗ ನಲವತ್ತೊಂಬತ್ತಿದೆ, ಐವತ್ತು ಅಂತ ಹೇಳತ್ತೆ."

"ಏನೇ ಮಾಡಿದ್ರೂ ಒಂದು ಸುಳ್ಳು."

"ಹೂಂ."

"ಅಳಿಸಿ ಬರೆದ್ರೆ?"

"ಕೋಕಾ ಬಣ್ಣ ಅಳಿಸಕ್ಕೆ ಬರತ್ತಾ?"

ಲೂಪೆ ಅಂಗೈಯಿಂದ ಮುಖ ಉಜ್ಜಿಕೊಂಡಳು. ನಾನು ಬುಧವಾರದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮಾತನ್ನು ಆಗ ಹೇಳಿದೆ. "ಇದು ಲೌನಿಮಾ ಅಲ್ಲ ಲೂಪೆ. ಕೊಡೋ ಅಂಥದ್ದಲ್ಲ. ಇದನ್ನ ಬಿಟ್ಟುಬಿಡು."

ಹೇಳಿದ ತಕ್ಷಣ ಮೈ ಹಗುರಾಯಿತು. ನಾಚಿಕೆಯೂ ಆಯಿತು. ಒಂದು ಪಟ್ಟಿ ಕಡಿಮೆಯಾದದ್ದು ನನಗೆ ಸಿಕ್ಕ ನೆವ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಾಯಿತು.

"ಕೊಡೋದು ಇಷ್ಟ ಇಲ್ಲ ಅಂತ ಹೇಳಿ. ಲೆಕ್ಕ ಯಾಕೆ ಹೇಳ್ತೀರಿ?" ಅವಳ ದನಿ ಒಡೆಯಿತು. "ನನಗೇನು ನಿಮ್ಮ ಬಟ್ಟೆ ಹಾಸ್ಕೊಂಡು ಮಲಗೋ ಆಸೆನಾ? ಎರಡು ತಿಂಗಳಿಂದ ಒಂದೊಂದು ಮನೆ ಬಾಗಿಲಿಗೂ ಹೋಗ್ತಾ ಇದೀನಿ. ಅವರಮ್ಮನ ಸಾವಿಗೆ ನಾನು ಕೊಟ್ಟಿದ್ದು, ಇವರ ಮಗನ ಮದುವೆಗೆ ಕೊಟ್ಟಿದ್ದು, ಎಲ್ಲಾ ನೆನಪು ಮಾಡಿಸಿ ಕೇಳಬೇಕು. ನಿಮ್ಮ ತಮ್ಮ ವ್ಯಾನಲ್ಲಿ ಕೂತಿರ್ತಾರೆ. ಕೇಳೋಳು ನಾನು. ಹಲ್ಲು ಬಿಡೋಳು ನಾನು. ಮನೇಲಿ ಹಾಸೋಕೆ ಒಂದು ತುಂಡು ಬಟ್ಟೆ ಇಲ್ಲ, ಎಲ್ಲಾ ಕೊಟ್ಟಾಗಿದೆ. ಸಾಕಾಗಿದೆ ಅಕ್ಕ. ಮದುವೆ ಮುಗಿದು ಒಂದು ದಿನ ಮಲಗಿದ್ರೆ ಸಾಕು ಅನ್ಸಿದೆ."

ಅಷ್ಟು ವರ್ಷಗಳಲ್ಲಿ ಲೂಪೆ ತನ್ನ ಮಾತು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಫೆಲೆತಿಯ ಮಾತು, ಅತ್ತೆಯ ಮಾತು, ಮಕ್ಕಳ ಮಾತು ಹೊತ್ತು ತಂದವಳು. ನನಗೆ ಅವಳು ಯಾವಾಗಲೂ ಆ ತುಂಬಿದ ನಲವತ್ತೊಂಬತ್ತರ ಕಡೆಯವಳಾಗಿ ಕಂಡಿದ್ದಳು.

ನಾನೂ ಅವಳ ಪಕ್ಕ ಬಟ್ಟೆಯ ಮೇಲೆ ಕೂತೆ. ನನ್ನ ಬೆರಳು ಇಪ್ಪತ್ತೈದರ ಮೇಲಿತ್ತು. ಒಂದರಿಂದ ಅಲ್ಲಿಯವರೆಗೆ ಒಂದೂ ತಪ್ಪಿಲ್ಲ. ಆ ಗೆರೆ ದಾಟಿದರೆ ಕೊನೆಯವರೆಗೂ ಒಂದೂ ಸರಿಯಿಲ್ಲ. ಇಷ್ಟು ಸರಳವಾದದ್ದು ಮೂರು ದಿನದಿಂದ ಕಣ್ಣಿಗೆ ಬಿದ್ದಿರಲಿಲ್ಲ.

"ಕತ್ತರಿ ತಾ," ಎಂದೆ.

"ಯಾಕೆ?"

"ಇಪ್ಪತ್ತೈದು ನಿಜವಾಗಿ ಇಪ್ಪತ್ತೈದು. ಯಾವ ಸೇಯ್ನಿ ಬಂದು ಎಣಿಸಿದ್ರೂ ಇಪ್ಪತ್ತೈದೇ. ಅದನ್ನ ಕಿತಿಯೋನೆಗೆ ಕೊಡ್ತೀನಿ. ಈ ಕಡೆದು ಲೆಕ್ಕ ತಪ್ಪಿದ್ದು. ಅದು ನನಗಿರಲಿ."

ಲೂಪೆ ಬಾಯಿ ತೆರೆದು ನೋಡಿದಳು. "ಲೌನಿಮಾ ಕತ್ತರಿಸಿ ಕೊಟ್ರೆ ಜನ ಏನಂತಾರೆ?"

"ಹುಡುಗನ ಸೋದರತ್ತೆ ಕೊಟ್ಟಿದ್ದು ಅಂತಾರೆ."

ನಮ್ಮಲ್ಲಿ ತಮ್ಮನ ಮಕ್ಕಳ ವಿಷಯದಲ್ಲಿ ಅಪ್ಪನ ಅಕ್ಕನ ಮಾತೇ ಕೊನೆಯದು. ಅವಳು ಬೇಕೆಂದದ್ದನ್ನು ತೆಗೆದುಕೊಳ್ಳಬಹುದು, ಕೊಟ್ಟದ್ದನ್ನು ಯಾರೂ ಕಡಿಮೆ ಎನ್ನುವಂತಿಲ್ಲ. ಬೇರೆ ಮನೆಗಳ ಅತ್ತೆಯರು ಆ ಹಕ್ಕಿನಿಂದ ಹಂದಿಗಳನ್ನೂ ಚಾಪೆಗಳನ್ನೂ ಎತ್ತಿಕೊಂಡು ಹೋಗುವುದನ್ನು ನೋಡಿದ್ದೇನೆ. ನಾನು ಒಮ್ಮೆಯೂ ಬಳಸಿರಲಿಲ್ಲ. ಬಳಸಿದ್ದು ಒಂದು ಕತ್ತರಿಯ ಮಟ್ಟಿಗೆ.

ತೊಗಟೆಬಟ್ಟೆಯನ್ನು ಒಬ್ಬಳೇ ಕತ್ತರಿಸಲು ಬರುವುದಿಲ್ಲ. ಲೂಪೆ ಆಚೆ ಬದಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಕತ್ತರಿ ಮೊಂಡು. ಅಡ್ಡಲಾಗಿ ಕತ್ತರಿಸಿ ಮುಗಿಸುವುದಕ್ಕೆ ಅರ್ಧ ಗಂಟೆ ಹಿಡಿಯಿತು; ನಡುವೆ ಎರಡು ಸಲ ಕೈ ಬದಲಾಯಿಸಿಕೊಂಡೆವು. ಮುಗಿದ ಮೇಲೆ ಲೂಪೆ ಇಪ್ಪತ್ತೈದನ್ನು ಸುತ್ತಿ ಹೆಗಲಿಗೇರಿಸಿಕೊಂಡು ನೇರ ವ್ಯಾನಿಗೆ ಹೋದಳು. ಒಪ್ಪಿದಳೋ ಸಿಟ್ಟಾದಳೋ ತಿಳಿಯಲಿಲ್ಲ.

ಮದುವೆಯ ದಿನ ಕೊಡುಗೆಗಳನ್ನು ಕೂಗಿ ಹೇಳುವವನು ನಮ್ಮ ಸೆಮಿಸಿ ಚಿಕ್ಕಪ್ಪ. ಮರ್ಯಾದೆಗೆ ಉಡುವ ದೊಡ್ಡ ಚಾಪೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಬೆವರುತ್ತಾ ನನ್ನ ಹತ್ತಿರ ಬಂದ.

"ಏನಂತ ಕೂಗಲಿ ಲೋಸಲಿನೆ? ಅರ್ಧ ಲೌನಿಮಾ ಅನ್ಲಾ?"

"ಬೇಡ. ಇಪ್ಪತ್ತೈದು ಅನ್ನಿ."

"ಅರ್ಧ ಅಂದ್ರೂ ಅದೇ ಅಲ್ವಾ?"

"ಅಲ್ಲ ಚಿಕ್ಕಪ್ಪ. ಅದು ಅರ್ಧಕ್ಕಿಂತ ಜಾಸ್ತಿ."

"ಟೀಚರುಗಳ ಹತ್ತಿರ ಮಾತಾಡಬಾರದು," ಎಂದು ಗೊಣಗಿಕೊಂಡು ಹೋದ. ಆದರೆ ಕೂಗಿದ್ದು ಇಪ್ಪತ್ತೈದೆಂದೇ.

ಹುಡುಗಿಯ ಕಡೆಯ ಸಾಲಿನಲ್ಲಿ ಪಿಸುಮಾತು ಎದ್ದಿತು. ಲೂಪೆ ಎದುರಿನ ಕಂಬವನ್ನೇ ನೋಡುತ್ತಾ ಕೂತಿದ್ದಳು. ಸೇಯ್ನಿ ಎದ್ದು ಬಂದಳು. ಸಣ್ಣಗೆ, ಬಾಗಿದ ಬೆನ್ನಿನ ಮುದುಕಿ. ಲೂಪೆ ಹೇಳಿದ್ದು ನಿಜ: ಅಂಚನ್ನು ಎತ್ತಿ ಬೆರಳಿಟ್ಟು ಓದಿದಳು. ಕೊನೆಯದನ್ನು ಮಾತ್ರವಲ್ಲ. ಒಂದರಿಂದ ಶುರುಮಾಡಿ ಪ್ರತಿ ಅಂಕಿಯನ್ನೂ ಗಟ್ಟಿಯಾಗಿ ಓದುತ್ತಾ, ಬಟ್ಟೆಯ ಉದ್ದಕ್ಕೂ ನಡೆದು ಬಂದಳು. ಹದಿನೆಂಟು, ಹತ್ತೊಂಬತ್ತು. ಮೇಳದವರು ಹಾಡುವುದನ್ನು ನಿಲ್ಲಿಸಿದ್ದರು. ಇಪ್ಪತ್ತೈದಕ್ಕೆ ಬಂದು, ಕತ್ತರಿಸಿದ ತುದಿಯನ್ನು ಹೆಬ್ಬೆರಳಿನಿಂದ ಸವರಿ, ನನ್ನ ಮುಂದೆ ಬಂದು ಕೂತು, ದನಿ ತಗ್ಗಿಸಿ ಹೇಳಿದಳು:

"ಇದು ಹೊಸದಾಗಿ ಕತ್ತರಿಸಿದ್ದು."

"ಹೌದಜ್ಜಿ."

"ಮಿಕ್ಕಿದ್ದು?"

"ಮನೇಲಿದೆ. ನನ್ನ ಮಂಚದ ಮೇಲೆ."

"ಕೆಳಗಾ, ಮೇಲಾ?"

"ಮೇಲೆ. ಹಾಸ್ಕೊಂಡಿದೀನಿ."

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. "ನಂದು ಹನ್ನೊಂದು ಹೋದವು," ಎಂದಳು. "ಹನ್ನೊಂದು ಲೌನಿಮಾ. ನನ್ನ ಮೈಗೆ ತಾಗಿದ್ದು ಒಂದೂ ಇಲ್ಲ. ಇನ್ನು ಹೆಣಕ್ಕೆ ಯಾರಾದ್ರೂ ಹೊದಿಸ್ತಾರೆ, ನೋಡೋಣ." ಆಮೇಲೆ ನನ್ನ ಮೊಣಕಾಲನ್ನು ಊರಿಕೊಂಡು ಎದ್ದು ತನ್ನವರ ಕಡೆ ತಿರುಗಿ, "ಇಪ್ಪತ್ತೈದು. ಸರಿಯಾಗಿದೆ. ತಗೊಳ್ಳಿ," ಎಂದಳು.

ಲೂಪೆಯ ಭುಜಗಳು ಇಳಿದವು. ಹಾಡು ಮತ್ತೆ ಶುರುವಾಯಿತು.

ಜನ ಮಾತಾಡಲಿಲ್ಲ ಎಂದಲ್ಲ. ಒಂಟಿ ಹೆಂಗಸು, ಯಾರಿಗಾಗಿ ಇಟ್ಟುಕೊಂಡಿದ್ದಾಳೆ ಎಂದು ಇಗರ್ಜಿಯ ಮೆಟ್ಟಿಲ ಮೇಲೆ ಯಾರೋ ಹೇಳಿದರಂತೆ. ವೈಮೋವಾನ ಉತ್ಸಾಹದಿಂದ ಬಂದು ಒಪ್ಪಿಸಿದಳು. ನನಗೆ ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿ ಇರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ಕೊಡಬೇಕಾಗಿತ್ತು.

ಮದುವೆಯಾದ ಐದನೆಯ ದಿನ, ಶಾಲೆಯಿಂದ ಬಂದು ಚಹಾ ಕಾಯಿಸುತ್ತಿದ್ದಾಗ, ಲೂಪೆ ನಡೆದುಕೊಂಡು ಬಂದಳು. ಮದುವೆಗೆ ಒಯ್ದಿದ್ದ ನನ್ನ ದೊಡ್ಡ ಪಾತ್ರೆಗಳು ಅವಳ ಕೈಯಲ್ಲಿದ್ದವು. ಅವುಗಳನ್ನು ನೆಲದ ಮೇಲಿಟ್ಟು ನಿಂತಳು. ಕಾಲು ಊದಿಕೊಂಡಿತ್ತು.

"ಎಲ್ಲಾ ಹೋದ್ರು," ಎಂದಳು. "ಮನೆ ಗುಡಿಸೋಕೆ ಶುರು ಮಾಡಿದೆ. ಎಲ್ಲಿಂದ ಗುಡಿಸಬೇಕು ಅಂತ ಗೊತ್ತಾಗಲಿಲ್ಲ. ಪಾತ್ರೆ ತಗೊಂಡು ಬಂದುಬಿಟ್ಟೆ."

"ಕೂತ್ಕೋ. ಚಹಾ ಕುಡಿ."

"ಎಲ್ಲಿ, ಆ ನಿಮ್ಮ ಸುಳ್ಳು ಲೆಕ್ಕದ್ದು?"

ಕೋಣೆಯ ಬಾಗಿಲು ತೆರೆದೇ ಇತ್ತು. ಇಪ್ಪತ್ನಾಲ್ಕು ಪಟ್ಟಿಗಳನ್ನು ಮಡಿಸಿ ಮಡಿಸಿ ಮಂಚದ ಮೇಲೆ ಹಾಸಿದ್ದೆ. ಅಂಚಿನ ಅಂಕಿಗಳು ಗೋಡೆಯ ಕಡೆಗಿದ್ದವು. ಲೂಪೆ ಹೋಗಿ ಒಂದು ತುದಿಯಲ್ಲಿ ಕೂತಳು. ಅಂಗೈಯಿಂದ ಸವರಿದಳು. ಹಾಗೇ ಒಂದು ಪಕ್ಕಕ್ಕೆ ವಾಲಿ ಮಲಗಿದಳು, ಕಾಲು ಇನ್ನೂ ನೆಲದ ಮೇಲೇ. ಬಟ್ಟೆ ಒಣ ಎಲೆಯ ಹಾಗೆ ಸದ್ದು ಮಾಡಿತು.

"ಅಕ್ಕ, ಇದು ಚುಚ್ಚತ್ತೆ."

"ಮೊದಲನೇ ದಿನ ಚುಚ್ಚತ್ತೆ. ಆಮೇಲೆ ಗೊತ್ತಾಗಲ್ಲ."

"ಇಷ್ಟಕ್ಕಾ ಅಷ್ಟೆಲ್ಲಾ ಆಗಿದ್ದು?"

"ಇಷ್ಟಕ್ಕೇ."

ಮುಂದಿನ ಮಾತು ಬರಲಿಲ್ಲ. ಬಾಗಿ ನೋಡಿದೆ, ಬಾಯಿ ಸ್ವಲ್ಪ ತೆರೆದುಕೊಂಡಿತ್ತು, ನಿದ್ದೆ ಹೋಗಿದ್ದಳು. ಅವಳ ಕಾಲುಗಳನ್ನು ಎತ್ತಿ ಮೇಲಿಟ್ಟೆ. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಮೇಜಿನ ಮೇಲೆ ಪತ್ರಿಕೆಗಳಿದ್ದವು, ನಾಳೆ ಬೆಳಗ್ಗೆಗೆ ಮುಗಿಯಬೇಕಾದವು. ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ಒಲೆ ಆರಿಸಿ, ಗೋಡೆಯ ಕಡೆ ಅವಳು ಬಿಟ್ಟಿದ್ದ ಜಾಗದಲ್ಲಿ, ಸದ್ದಾಗದಂತೆ ನಾನೂ ಮಲಗಿದೆ.